ಮುಂಗೈಗೆ ಒಂದು ಬಟ್ಟಲು ಕಾಳು

ನಾನು ಮದುವೆಯಾಗಿ ಬಂದ ಊರು ರಾತ್ರಿ ಹೊತ್ತು ಜಾರುತ್ತದೆ. ಎಲ್ಲರೂ ಮಲಗಿದ ಮೇಲೆ ಗುಡ್ಡದ ಬುಡದಿಂದ ಕೆರೆಯ ಕಡೆಗೆ ಮೆಲ್ಲಗೆ ಸರಿಯುತ್ತದೆ. ಪಾತ್ರೆ ಸದ್ದಾಗುವುದಿಲ್ಲ, ತೊಟ್ಟಿಲಲ್ಲಿರುವ ಕೂಸೂ ಏಳುವುದಿಲ್ಲ. ಬೆಳಕು ಹರಿಯುತ್ತಲೇ ಊರಿನವರೆಲ್ಲ ಬೀದಿಗೆ ಬಂದು, ಗುಡ್ಡದ ಬಂಡೆಗಳಿಗೆ ಬಿಗಿದಿರುವ ಹಗ್ಗ ಹಿಡಿದು, ದೋಣಿಯಲ್ಲಿ ನಿಂತವರು ದಡದ ಹಗ್ಗ ಎಳೆಯುವ ಹಾಗೆ ಎಳೆದು ಊರನ್ನು ಅದರ ಜಾಗಕ್ಕೆ ತರುತ್ತಾರೆ. ಆಮೇಲೆ ಕಾಫಿ.

ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಒಳಗಿದ್ದವರಿಗೆ ಬಾಗಿಲಿಗೆ ನೀರು ಹಾಕಿದಷ್ಟೇ ಸಹಜ. ಬಸ್ಸಿನ ಕಂಡಕ್ಟರು ಡಾಂಬರು ಮುಗಿಯುವ ಕಡೆ ಇಳಿದು, ಸೊಂಟದ ಮೇಲೆ ಕೈಯಿಟ್ಟು, "ಊರು ಬಂತೇನ್ರಪ್ಪಾ?" ಎಂದು ಕೂಗುತ್ತಾನೆ. "ಬಂತು, ಬಂತು, ಇನ್ನೊಂದೆರಡು ಮಾರು" ಎಂದು ನಾವು ಹಗ್ಗ ಹಿಡಿದುಕೊಂಡೇ ಕೂಗುತ್ತೇವೆ. ಊರೂ ರಸ್ತೆಯೂ ಕೂಡಿದ ಮೇಲೆಯೇ ಶಾಲೆಯ ಗಂಟೆ. ತಡವಾಗಿ ಬಂದ ಮೇಷ್ಟ್ರು "ಊರು ತಡ ಆಯ್ತು" ಎಂದರೆ ಸುಳ್ಳೆನ್ನುವಂತಿಲ್ಲ. ನನ್ನನ್ನು ನೋಡಲು ಬಂದ ದಿನ ಇವರ ಕಡೆಯವರು ಹಾಡಿಸಲಿಲ್ಲ, ರಂಗೋಲಿ ಹಾಕಿಸಲಿಲ್ಲ. ಅಂಗೈ ತಿರುಗಿಸಿ ನೋಡಿದರು. ತುಂಬಿದ ಕೊಡವನ್ನು ತಲೆಯ ಮೇಲಕ್ಕೆ ಎತ್ತಿಸಿ, ಇಳಿಸಿ, ಮತ್ತೆ ಎತ್ತಿಸಿ, "ಆಗಬಹುದು" ಎಂದರು. ನಮ್ಮಪ್ಪನಿಗೆ ಏನೂ ಅರ್ಥವಾಗದೆ ಕೊಡದ ಬೆಲೆ ಹೇಳಿಬಿಟ್ಟಿದ್ದ.

ಬೀದಿಗೊಂದು ಹಗ್ಗ. ಗುಡ್ಡಕ್ಕೆ ಮುಖಮಾಡಿ, ಎಲ್ಲರಿಗಿಂತ ಮುಂದೆ ನಿಂತು ಹಗ್ಗ ಹಿಡಿಯುವವರಿಗೆ ಮುಂಗೈ ಎನ್ನುತ್ತಾರೆ. ಹಗ್ಗ ಯಾವಾಗ ಬಿಗಿಯುತ್ತದೆ, ಯಾವಾಗ ಒಂದು ಚೂರು ಸಡಿಲಿಸಿ ಕೊಡುತ್ತದೆ ಎನ್ನುವುದು ಮೊದಲು ಗೊತ್ತಾಗುವುದು ಆ ಕೈಗೆ. ಮುಂಗೈ "ಹಿಡಿ ಊರು!" ಎಂದರೆ ಎಲ್ಲರೂ ಹಿಡಿಯಬೇಕು, "ಎಳಿ ಊರು!" ಎಂದರೆ ಎಳೆಯಬೇಕು. ಆ ಕೈ ಜಾರಿದರೆ ಹಿಂದಿನವರ ತಾಳವೆಲ್ಲ ತಪ್ಪುತ್ತದೆ. ನಮ್ಮ ಬೀದಿಯ ಮುಂಗೈ ನನ್ನ ಅತ್ತೆ, ಚಿಕ್ಕತಾಯಮ್ಮ. ನಮ್ಮ ಮಾವ ಇದ್ದಾಗ ಆ ಜಾಗ ಅವರದಾಗಿತ್ತು. ಅವರು ತೀರಿಕೊಂಡ ಮೇಲೆ, ಹಗ್ಗದ ಮನಸ್ಸು ಅರಿತವರು ಬೇರೆ ಯಾರೂ ಇಲ್ಲವೆಂದು ಬೀದಿಯವರೇ ಅತ್ತೆಯನ್ನು ತಂದು ನಿಲ್ಲಿಸಿದ್ದರು. ಅರವತ್ತೈದು ದಾಟಿದ ಸಣ್ಣ ಜೀವ. ಸಂತೆಯಲ್ಲಿ ಅವರು ಬಂದರೆ ಜನ "ಮುಂಗೈ ಬಂದ್ರು" ಎಂದು ದಾರಿ ಬಿಡುತ್ತಿದ್ದರು. ಅವರು ಅದನ್ನು ಕೇಳಿಸಿಕೊಳ್ಳದವರ ಹಾಗೆ ಬದನೆಕಾಯಿ ಆರಿಸುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ಅಂಥ ದಿನ ಅವರು ಚೌಕಾಸಿ ಮಾಡುತ್ತಿರಲಿಲ್ಲ.

ಅವರ ಹಿಂದೆ ನಿಲ್ಲುತ್ತಿದ್ದವನು ನನ್ನ ಮೈದುನ ಕಾಳಿಂಗ. ಮದುವೆಯಿಲ್ಲದ ಹುಡುಗ, ಬಲವಾದ ಮೈಕಟ್ಟು, ಒಳ್ಳೆಯ ಮನಸ್ಸು, ತಲೆಯಲ್ಲಿ ಮಾತ್ರ ಒಂದೇ ಒಂದು ವಿಚಾರ: ಎಷ್ಟು ತಿಂದರೆ ಅಷ್ಟು ತೋಳು. ಮಧ್ಯದಲ್ಲೆಲ್ಲೋ ನಾನು. ಬಾಲದಲ್ಲಿ, ಎಳೆದ ಹಗ್ಗವನ್ನು ಕಲ್ಲುಕಂಬಕ್ಕೆ ಸುತ್ತುವ ಕೆಲಸ ನನ್ನ ಗಂಡ ಸಿದ್ದಪ್ಪಾಜಿಯವರದು. ಅವರಿಗೆ ಹಿಟ್ಟಿನ ಗಿರಣಿ, ನನಗೆ ಮನೆಯಲ್ಲೇ ರವಿಕೆ ಹೊಲಿಯುವ ಕೆಲಸ.

ಹೊಲಿಯುವವಳ ಕಣ್ಣಿಗೆ ಕೆಲವು ಸಂಗತಿ ಬೇಗ ಬೀಳುತ್ತವೆ. ಆ ಚಳಿಗಾಲದಲ್ಲಿ ನಾನು ಅತ್ತೆಯ ರವಿಕೆಯ ತೋಳನ್ನು ಮತ್ತೆ ಮತ್ತೆ ಒಳಕ್ಕೆ ಹಿಡಿಯುತ್ತಿದ್ದೆ. ಬಳೆ ಮಣಿಕಟ್ಟಿನಿಂದ ಹೊರಟರೆ ಮೊಣಕೈಗೆ ಹೋಗಿ ನಿಲ್ಲುತ್ತಿತ್ತು. ಅದೇ ಹೊತ್ತಿನಲ್ಲಿ ಕಾಳಿಂಗನ ಅಂಗಿಗಳು ಬಿಗಿಯಾಗುತ್ತಿದ್ದವು. ತೋಳಿನಲ್ಲಲ್ಲ, ಹೊಟ್ಟೆಯ ಹತ್ತಿರ. ಅವನ ಬೆಳಗು ಆರು ಮೊಟ್ಟೆಯಿಂದ ಶುರುವಾಗುತ್ತಿತ್ತು. ಮಧ್ಯಾಹ್ನ ಕಾಳಿನ ಪಲ್ಯವನ್ನೇ ಅನ್ನದಂತೆ ಉಣ್ಣುವನು. ಸಂಜೆ ಕೋಳಿ, ಮಲಗುವ ಮುಂಚೆ ಪೇಟೆಯಿಂದ ತಂದ ದೊಡ್ಡ ಡಬ್ಬದಿಂದ ಪ್ರೋಟೀನ್ ಪುಡಿ ಎರಡು ಸೌಟು. ಮುದ್ದೆ, ಅನ್ನ, ಸೊಪ್ಪು ಎಲ್ಲ "ಸುಮ್ನೆ ಹೊಟ್ಟೆ ತುಂಬ್ಸೋ ಸಾಮಾನು" ಎಂದು ದೂರ ಸರಿಸುತ್ತಿದ್ದ.

ಬಡಿಸುವುದು ಅತ್ತೆಯೇ. ಗಂಡಸರು ಎದ್ದ ಮೇಲೆ ನಾವಿಬ್ಬರೂ ಕೂರುತ್ತಿದ್ದೆವು. ಪಾತ್ರೆಯಲ್ಲಿ ಉಳಿದ ಹುರುಳಿಕಾಳನ್ನು ಅವರು ನನ್ನ ತಟ್ಟೆಗೆ ತಳ್ಳಿ, "ಹೊಲಿಯೋಳು ನೀನು, ಕಣ್ಣಿಗೆ ಬೇಕು" ಎನ್ನುವರು. ಅವರಿಗೆ ಅಂಗೈಯಗಲ ಮುದ್ದೆ, ತಿಳಿಸಾರು. ಸೋಮವಾರ ಒಪ್ಪೊತ್ತು, ಶನಿವಾರ ಒಪ್ಪೊತ್ತು. "ನೀವೂ ಹಾಕ್ಕೊಳ್ಳಿ ಅತ್ತೆ" ಎಂದರೆ, "ವಯಸ್ಸಾದೋರ್ಗೆ ಯಾಕವ್ವ? ಬೆಳಿಯೋ ಮೈಯಾ ಇದು?" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಆಗಬಾರದ್ದು ಆಯಿತು. "ಎಳಿ ಊರು!" ಎಂದವರ ಕೈ ಹಗ್ಗದ ಮೇಲೆ ನಿಲ್ಲಲಿಲ್ಲ. ಅತ್ತೆ ಕಾಳಿಂಗನ ಮೇಲೆ, ಕಾಳಿಂಗ ಹಿಂದಿನವರ ಮೇಲೆ ಬಿದ್ದು, ಹಗ್ಗ ಸರ್ರನೆ ಓಡಿತು. ನನ್ನ ಗಂಡ ಕಂಬಕ್ಕೆ ಎರಡು ಸುತ್ತು ಹಾಕಿದ್ದರಿಂದ ಬೀದಿ ನಿಂತಿತು, ಆದರೆ ಸೊಟ್ಟಗೆ ನಿಂತಿತು. ಯಾರಿಗೂ ಏಟಾಗಲಿಲ್ಲ. ಬೀದಿ ಯಜಮಾನರಾದ ಗುರುಪಾದಪ್ಪನವರ ಅಡುಗೆಮನೆಯ ಬಾಗಿಲು ಮಾತ್ರ ನೇರವಾಗಿ ನಮ್ಮ ಬಚ್ಚಲಿಗೆ ತೆರೆಯುವಂತಾಯಿತು. ಆ ದಿನವೆಲ್ಲ ಅವರ ಹೆಂಡತಿ ಒಗ್ಗರಣೆ ಹಾಕುವ ಮುಂಚೆ "ಒಳಗ್ಯಾರಾದ್ರೂ ಇದೀರಾ?" ಎಂದು ಕೇಳಬೇಕಾಯಿತು.

ಸಂಜೆ ಗುರುಪಾದಪ್ಪ ಬಂದರು. ಬಂದವರು ಬಹಳ ಹೊತ್ತು ಮಳೆಯ ವಿಚಾರ ಮಾತಾಡಿದರು. ಕೊನೆಗೆ ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಅಕ್ಕಾ, ಆಷಾಢದ ಗಾಳಿ ಎದ್ರೆ ಊರು ಎಷ್ಟು ಜಾರ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಅಲ್ಲಿಗಂಟ ನೋಡಾನ. ಆಗ್ನಿಲ್ಲ ಅಂದ್ರೆ ಕಾಳಿಂಗ ಮುಂದೆ ನಿಂತ್ಕಳ್ಳಿ. ನೀವು ಜಗಲಿ ಮೇಲೆ ಕೂತು ಕೂಗು ಹಾಕಿ, ಸಾಕು" ಎಂದರು.

"ಜಗಲಿ ಮೇಲೆ ಕೂತು ಕೂಗಾಕೆ ನಾನೇನು ಕೋಳಿನಾ?" ಎಂದರು ಅತ್ತೆ.

ಗುರುಪಾದಪ್ಪನವರು ನಗುವುದೋ ಬೇಡವೋ ತಿಳಿಯದೆ ಕಾಫಿ ಕುಡಿದು ಹೋದರು. ಅತ್ತೆ ಆ ರಾತ್ರಿ ಊಟವನ್ನೇ ಮಾಡಲಿಲ್ಲ. ಕಾಳಿಂಗ ಮಾತ್ರ ಆ ಜಾಗ ತನಗೆ ಬರಬಹುದೆಂದು ಎರಡು ಮೊಟ್ಟೆ ಜಾಸ್ತಿ ತಿಂದ. ತಾಯಿಯ ಜಾಗ ಕಿತ್ತುಕೊಳ್ಳುವ ಆಸೆ ಅವನಿಗಿರಲಿಲ್ಲ. "ಅವ್ವ ಬಿಟ್ರೆ ಬೇರೆ ಮನೆಗೆ ಹೋಗೋದು ಬ್ಯಾಡ ಅಲ್ವಾ ಅತ್ಗೆ" ಎಂದು ನನಗೆ ಸಮಜಾಯಿಷಿ ಕೊಟ್ಟ. ಮುಂದಿನ ವಾರಗಳಲ್ಲಿ ಅವನ ತಿನ್ನುವಿಕೆ ಎಲ್ಲಿಗೆ ಮುಟ್ಟಿತೆಂದರೆ, ನಮ್ಮ ಕೋಳಿಗಳು ಅವನನ್ನು ಕಂಡರೆ ಬೇಲಿ ಹಾರುತ್ತಿದ್ದವು.

ಒಂದು ದಿನ ಹಗ್ಗ ಎಳೆದು ಬಂದವನು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಉರುಳಿದ. ಮೂರು ದಿನದಿಂದ ಹೊರಕಡೆಗೆ ಆಗಿಲ್ಲವೆಂದು ಹಲ್ಲು ಕಚ್ಚಿ ಹೇಳಿದ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೊರಟೆ. ಮಗ ನರಳುವುದನ್ನು ನೋಡಲಾರದೆ ಅತ್ತೆಯೂ ಬೆನ್ನಿಗೆ ಬಂದರು. ಇಲ್ಲವಾದರೆ ಅವರನ್ನು ಆ ಮೆಟ್ಟಿಲು ಹತ್ತಿಸಲು ಊರಿನ ಎಲ್ಲ ಹಗ್ಗವೂ ಸಾಲುತ್ತಿರಲಿಲ್ಲ.

ಅಲ್ಲಿ ಫಿಲೋಮಿನಾ ಸಿಸ್ಟರ್ ಇದ್ದರು. ಬೇರೆ ಊರಿನವರು, ನಮ್ಮ ಊರಿಗೆ ಬಂದು ಬಹಳ ವರ್ಷವಾಗಿತ್ತು. ಬೆಳಗ್ಗೆ ತಮ್ಮ ಬೀದಿಯ ಹಗ್ಗ ಎಳೆದೇ ಡ್ಯೂಟಿಗೆ ಬರುತ್ತಿದ್ದರು. ಕಾಳಿಂಗನ ಹೊಟ್ಟೆ ಒತ್ತಿ ನೋಡಿ, "ದಿನಕ್ಕೆ ಏನೇನು ತಿಂತೀಯಪ್ಪಾ?" ಎಂದರು. ಹೊಟ್ಟೆನೋವಿನ ನಡುವೆಯೂ ಅವನು ಹೆಮ್ಮೆಯಿಂದ ಒಂದೊಂದಾಗಿ ಹೇಳಿದ. ಸಿಸ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ನೀನು ಊರು ಎಳೀತೀಯೋ, ಗುಡ್ಡಾನೇ ಈಕಡೆ ಎಳೀತೀಯೋ?"

"ಜಾಸ್ತಿ ತಿಂದ್ರೆ ಜಾಸ್ತಿ ಶಕ್ತಿ ಅಲ್ವಾ ಸಿಸ್ಟರ್?"

"ಗಾರೆ ಕೆಲಸದವರು ಇಬ್ಬರೇ ಇದ್ದಾಗ ಹತ್ತು ಲಾರಿ ಇಟ್ಟಿಗೆ ತಂದು ಸುರಿದ್ರೆ ಮನೆ ಬೇಗ ಏಳುತ್ತಾ? ಓಡಾಡೋಕೆ ದಾರಿ ಇರಲ್ಲ, ಅಷ್ಟೇ. ನಿನ್ನ ಹೊಟ್ಟೇಲಿ ಆಗಿರೋದು ಅದೇ." ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. "ಸುಮ್ಮನೆ ಕೂತಿರೋರಿಗೆ ಒಂದು ಕಿಲೋ ತೂಕಕ್ಕೆ ಒಂದು ಗ್ರಾಂ ಪ್ರೋಟೀನೂ ಬೇಡ, ಅದಕ್ಕಿಂತ ಸ್ವಲ್ಪ ಕಮ್ಮಿ ಸಾಕು. ದಿನಾ ಹಗ್ಗ ಎಳೆಯೋರಿಗೆ ಒಂದೂಕಾಲು, ಒಂದೂವರೆ ಅಂತಿಟ್ಕೋ. ನೀನು ಎಪ್ಪತ್ತು ಕಿಲೋ ಇದೀಯ. ನೂರು ಗ್ರಾಂ ಆಸುಪಾಸು ಬಂದ್ರೆ ಧಾರಾಳ. ನೀನು ಅದರ ಎರಡರಷ್ಟು ತಿಂತಿದೀಯ. ಜತೆಗೆ ಸೊಪ್ಪಿಲ್ಲ, ನೀರಿಲ್ಲ. ಎಳೆಯೋಕೆ ಬೇಕಾದ ಕಸುವು ಬರೋದು ಮುದ್ದೆಯಿಂದ, ಅದನ್ನೂ ಬಿಟ್ಟಿದೀಯ. ಹೊಟ್ಟೆ ಕಟ್ಟದೆ ಏನು ಮಾಡುತ್ತೆ?"

ಕಾಳಿಂಗ ತಲೆ ತಗ್ಗಿಸಿದ. ಸಿಸ್ಟರ್ ಅವನಿಗೆ ಔಷಧಿ ಕೊಟ್ಟು, ಕುರ್ಚಿಯ ತುದಿಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದರು. ಅವರ ಕಣ್ಣು ಅತ್ತೆಯ ಮೊಣಕೈಯಲ್ಲಿದ್ದ ಬಳೆಯ ಮೇಲೆ ನಿಂತಿತು. "ಅಮ್ಮಾ, ನೀವೂ ಒಂದು ಸಲ ಇದರ ಮೇಲೆ ನಿಂತ್ಕೊಳ್ಳಿ."

"ನಂಗೇನಾಗೈತೆ? ನಾ ಚೆನ್ನಾಗಿವ್ನಿ."

"ಚೆನ್ನಾಗಿರೋರ ತೂಕಾನೂ ನೋಡ್ಬಹುದು."

ಅತ್ತೆ ನಿಂತರು. ಮುಳ್ಳು ಅಲ್ಲಾಡುವ ಮನಸ್ಸೇ ಇಲ್ಲದಂತೆ ಸ್ವಲ್ಪ ಸರಿದು ನಿಂತಿತು. ಸಿಸ್ಟರ್ ಅದನ್ನು ಬರೆದುಕೊಂಡು, "ನಿನ್ನೆ ಏನು ಉಂಡ್ರಿ?" ಎಂದರು.

"ಉಂಡೆ ಕನವ್ವ, ಎಲ್ಲಾರಂಗೆ."

"ಏನು ಅಂತ ಕೇಳಿದ್ದು."

"ಮುದ್ದೆ. ಉಪ್ಸಾರು."

"ಕಾಳು?"

"ಕಾಳಿನ್ ಸಾರು."

"ಸಾರಲ್ಲ ಅಮ್ಮಾ, ಕಾಳು."

ಅತ್ತೆ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡತೊಡಗಿದರು. ಮೊಟ್ಟೆ ಕೇಳಿದರೆ, ಗಂಡ ಹೋದ ಮೇಲೆ ಬಿಟ್ಟೆ ಎಂದರು. ಹಾಲು ಕೇಳಿದರೆ, ಕಾಳಿಂಗನಿಗೆ ಬೇಕಲ್ಲ ಎಂದರು. ಸಿಸ್ಟರ್ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ನೋಡಿ, ವಯಸ್ಸಾದ ಮೈ ಸ್ವಲ್ಪ ಕಿವುಡು. ಹರೆಯದ ಮೈಗೆ ಪಿಸುಗುಟ್ಟಿದ್ರೂ ಕೇಳುತ್ತೆ. ನಿಮ್ಮದಕ್ಕೆ ಜೋರಾಗಿ ಹೇಳ್ಬೇಕು, ಅಂದ್ರೆ ಕಾಳು ಮೊಸರು ಜಾಸ್ತಿ ಹಾಕ್ಬೇಕು. ಬೆಳಗ್ಗೆ ಹೇಳ್ಬೇಕು, ಮಧ್ಯಾಹ್ನ ಹೇಳ್ಬೇಕು, ರಾತ್ರೀನೂ ಹೇಳ್ಬೇಕು. ವಯಸ್ಸಾಯ್ತು ಅಂತ ಕಮ್ಮಿ ಮಾಡೋದಲ್ಲ. ನೀವು ದಿನಾ ಹಗ್ಗ ಎಳೀತೀರಿ, ಅದು ನಿಮ್ಮ ತೋಳನ್ನು ಒಸಿ ಸವೆಸುತ್ತೆ. ಸವೆದದ್ದನ್ನ ಕಟ್ಟೋಕೆ ಸಾಮಾನು ಬೇಕಲ್ಲ? ನಿಮ್ಮ ಮೈ ಸಾಮಾನಿಲ್ಲದೆ ಈ ಗೋಡೆ ಕಿತ್ತು ಆ ಗೋಡೆಗೆ ಹಾಕ್ತಿದೆ." ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಕಿಡ್ನಿಯ ತೊಂದರೆ ಇರುವವರ ಲೆಕ್ಕ ಬೇರೆ, ಅದಕ್ಕೇ ನೋಡಬೇಕು ಎಂದರು. ಆ ತೊಂದರೆ ಇರಲಿಲ್ಲ. ಊಟಕ್ಕೊಂದು ಬಟ್ಟಲು ಗಟ್ಟಿ ಕಾಳು, ಒಂದು ಲೋಟ ಮೊಸರು, ನಡುವೆ ಒಂದು ಹಿಡಿ ಶೇಂಗಾ ಅಥವಾ ಹುರಿಗಡಲೆ ಎಂದು ಕೈಯಲ್ಲೇ ಅಳತೆ ತೋರಿಸಿದರು.

ದಾರಿಯುದ್ದಕ್ಕೂ ಅತ್ತೆ ಬಿರಬಿರನೆ ನಡೆದರು. ಮನೆಯ ತಿರುವಿನಲ್ಲಿ ನಿಂತು, "ಈ ಊರ ಇಷ್ಟು ವರ್ಷ ಎಳೆದಿದ್ದು ಉಪ್ಸಾರಲ್ಲೇ ಕನವ್ವ. ಈಗ ಮುದುಕಿ ಬಟ್ಲು ಮುಂದಿಟ್ಕಂಡು ಮೆಲ್ತಾವ್ಳೆ ಅಂತ ಬೀದಿಯೋರು ಅನ್ಬೇಕಾ? ನಮ್ಮತ್ತೆ ಹಂಗೆ ಉಂಡ್ಳಾ? ನಮ್ಮವ್ವ ಉಂಡ್ಳಾ?" ಎಂದರು. ಅವರ ಅವ್ವ, ಅವರ ಅತ್ತೆ ಇಬ್ಬರೂ ಕೊನೆಯ ವರ್ಷಗಳಲ್ಲಿ ಎದ್ದು ನಿಲ್ಲಲಾರದೆ ಗೋಡೆ ಹಿಡಿದುಕೊಂಡು ಓಡಾಡಿದ್ದರಂತೆ. ಅದನ್ನು ನನ್ನ ಗಂಡ ಹೇಳಿದ್ದರು.

ನೇರ ದಾರಿ ಆಗದೆ ಅಡ್ಡದಾರಿ ಹಿಡಿದೆ. ಗಂಡನಿಗೆ ಹೇಳಿ ರಾಗಿಯ ಜೊತೆಗೆ ಹುರಿಗಡಲೆ ಹಾಕಿ ಬೀಸಿಸಿದೆ. ಅತ್ತೆ ಒಂದು ತುತ್ತು ನುಂಗಿ, "ಇಂದ್ರಾಣಿ, ಈ ಮುದ್ದೆಗೆ ಮೈ ಹುಷಾರಿಲ್ವಾ? ಗಂಟ್ಲಲ್ಲಿ ಇಳೀದೆ ಮಾತಾಡ್ತೈತೆ" ಎಂದರು. ತಿಳಿಸಾರಿಗೆ ಕಾಳನ್ನು ಅರೆದು ಬೆರೆಸಿದೆ. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಗಂಡನ ತಟ್ಟೆಗೆ ಸುರಿದರು. ಮೊಸರಿಗೆ ಇಂಗು ಒಗ್ಗರಣೆ ಹಾಕಿ ಆಸೆ ತೋರಿಸಿದೆ. "ಕಾಳಿಂಗಂಗೆ ಇಡು" ಎಂದರು. ಸೋತೆ. ಬೆಳಗ್ಗೆ ಬೆಳಗ್ಗೆ ಅವರ ಬೆನ್ನನ್ನು ಹಿಂದಿನಿಂದ ನೋಡುತ್ತಾ ಹಗ್ಗ ಎಳೆಯುವುದು ನನಗೆ ಕಷ್ಟವಾಗತೊಡಗಿತು. ಎಳೆಯುವಾಗ ಅವರ ಭುಜದ ಎಲುಬು ರವಿಕೆಯೊಳಗೆ ಏಳುವುದು ಬೀಳುವುದು ಕಾಣುತ್ತಿತ್ತು.

ಕಾಳಿಂಗ ಸಿಸ್ಟರ್ ಮಾತು ಕೇಳಿ, ಗೊಣಗಿಕೊಂಡೇ, ಮುದ್ದೆ ಸೊಪ್ಪಿಗೆ ಮರಳಿದ್ದ. ಹೊಟ್ಟೆ ಹಗುರಾದ ಮೇಲೆ ಅವನಿಗೆ ಸುತ್ತಲೂ ನೋಡುವಷ್ಟು ಬಿಡುವು ಸಿಕ್ಕಿತೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಕೈತೊಳೆದು ಹೋದವನು, ಏನೋ ಮರೆತು ಅಡುಗೆಮನೆಗೆ ಬಂದ. ಅತ್ತೆ ಕಾಳನ್ನೆಲ್ಲ ನನ್ನ ತಟ್ಟೆಗೆ ಬಗ್ಗಿಸಿ ತಿಳಿಯನ್ನು ತಮ್ಮ ಬಟ್ಟಲಿಗೆ ಬಿಟ್ಟುಕೊಳ್ಳುತ್ತಿದ್ದರು. ಅವನು ಹೊಸ್ತಿಲಲ್ಲೇ ನಿಂತ.

"ಅವ್ವ, ನೀನು ಯಾವಾಗ್ಲೂ ಅಷ್ಟೇನಾ ಉಣ್ಣೋದು?"

"ನಂಗೆ ಸಾಕು ಕನ್ಲಾ."

"ನಿಂಗೆ ಸಾಕಾದ್ರೆ ನಂಗೂ ಸಾಕು. ಇವತ್ತಿಂದ ನೀನು ಉಂಡಷ್ಟೇ ನಾನೂ ಉಣ್ಣೋದು."

ನಾವೆಲ್ಲ ನಕ್ಕೆವು. ನನ್ನ ಗಂಡ ಜಗಲಿಯಿಂದಲೇ, "ರಾತ್ರಿ ಊಟದವರ್ಗೂ ತಡ್ಕಂಡ್ರೆ ಗಿರಣಿ ನಿನ್ನ ಹೆಸರಿಗೆ ಬರೀತೀನಿ" ಎಂದರು. ರಾತ್ರಿ ಅವನು ಅಂಗೈಯಗಲ ಮುದ್ದೆ, ತಿಳಿಸಾರು ಉಂಡು ಎದ್ದ. ಮಾರನೆಯ ದಿನವೂ ಹಾಗೇ. ಸೋಮವಾರ ಒಪ್ಪೊತ್ತು ಮಾಡಿದ. ಮೊಟ್ಟೆಯಿಟ್ಟ ಕೋಳಿ ಕೊಕ್ಕೊಕ್ಕೊ ಎಂದರೆ ಕಿವಿ ಮುಚ್ಚಿಕೊಂಡು ಬೀದಿಯ ಕೊನೆಯವರೆಗೆ ನಡೆದುಹೋಗುತ್ತಿದ್ದ. ಪಕ್ಕದ ಮನೆಯ ಬಾಡಿನ ಘಮಲು ಬಂದ ದಿನ ಜಗಲಿಯ ಕಂಬ ತಬ್ಬಿಕೊಂಡು ಕೂತಿದ್ದ. ಅತ್ತೆ ಬೈದರು, ಬೇಡಿದರು, ತುತ್ತು ಮಾಡಿ ಬಾಯಿಗಿಟ್ಟರು. "ನೀನು ತಿನ್ನು, ನಾನು ತಿಂತೀನಿ" ಎಂಬುದಷ್ಟೇ ಅವನ ಉತ್ತರ. ಅತ್ತೆಯೂ ಹಟದಲ್ಲಿ ಮಗನಿಗಿಂತ ಹಿರಿಯರು. ಇಬ್ಬರ ನಡುವೆ ಕಾಳಿನ ಪಾತ್ರೆ ತಣ್ಣಗಾಗುತ್ತಿತ್ತು. ಆ ವಾರ ನಾನೂ ನನ್ನ ಗಂಡನೂ ದುಂಡಗಾದೆವು.

ವಾರ ಮುಗಿಯುವ ಹೊತ್ತಿಗೆ ಅವನ ನಗು ಹೋಗಿತ್ತು. ಅಂದು ಬೆಳಗ್ಗೆ ಊರು ಅರ್ಧ ಬಂದಿತ್ತು. "ಎಳಿ ಊರು!" ಎಂದರು ಅತ್ತೆ. ಹಿಂದೆ ಧಪ್ಪೆಂದು ಸದ್ದಾಯಿತು. ಕಾಳಿಂಗ ಮಂಡಿಯೂರಿ ಕೂತುಬಿಟ್ಟಿದ್ದ. ಹಗ್ಗ ಅವನ ಕೈಯಿಂದ ಜಾರಿತ್ತು. ಹಿಂದಿದ್ದವರು ಹಗ್ಗ ಹಿಡಿದು ನಿಂತೆವು. ಅತ್ತೆ ತಿರುಗಿ ನೋಡಿದರು. ಅವನು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಅವ್ವಾ, ಇಷ್ಟ್ರಲ್ಲಿ ಹೆಂಗವ್ವ ಎಳೀತಿದ್ದೆ ನೀನು?" ಎಂದ. ಹೇಳುತ್ತಾ ಹೇಳುತ್ತಾ ಅಳತೊಡಗಿದ. ಅಷ್ಟು ದೊಡ್ಡ ಗಂಡಸು ಬೀದಿಯ ನಡುವೆ ಅಳುವುದನ್ನು ನೋಡಿ ಎಲ್ಲರೂ ಗುಡ್ಡದ ಕಡೆ ಮುಖ ಮಾಡಿದೆವು.

ಅತ್ತೆ ಅವನ ಹತ್ತಿರ ಬಂದರು. ಸೆರಗಿನಿಂದ ಅವನ ಮುಖ ಒರೆಸಿ, ತಿರುಗಿ ಹಗ್ಗ ಹಿಡಿದು, ಊರನ್ನು ತಂದು ನಿಲ್ಲಿಸಿದರು. ಆಮೇಲೆ ನೇರವಾಗಿ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತರು. "ಇಂದ್ರಾಣಿ, ಆ ಕಾಳು ತತ್ತಾ. ಅವನಿಗೂ ಹಾಕು, ನಂಗೂ ಹಾಕು. ಬಾಗಿಲು ಮುಂದಕ್ಕೆ ಹಾಕವ್ವ" ಎಂದರು. ನಾನು ಬಾಗಿಲು ಮುಚ್ಚಿದೆ. ಅವರು ಗೋಡೆಗೆ ಮುಖ ಮಾಡಿ, ಕಳ್ಳರಂತೆ, ಒಂದೊಂದೇ ಕಾಳು ಅಗಿದರು. ಆ ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಕಾಳಿಂಗ ಮೂರು ಬಟ್ಟಲು ಮುಗಿಸಿದ್ದ.

ಅಲ್ಲಿಂದ ಆಷಾಢದವರೆಗಿನ ದಿನಗಳು ಅಡುಗೆಮನೆಯ ಮಟ್ಟಿಗೆ ಹಬ್ಬದಂತಿದ್ದವು. ಅತ್ತೆಗೆ ಯಾವುದು ಒಗ್ಗುತ್ತದೆ ಎಂದು ಹುಡುಕುವುದೇ ಒಂದು ಕೆಲಸ. ಹುರುಳಿಕಾಳಿನ ಗಟ್ಟಿ ಬಸ್ಸಾರು ಒಗ್ಗಿತು. ಮೊಳಕೆ ಬಂದ ಹೆಸರುಕಾಳಿಗೆ ಕಾಯಿತುರಿ, ನಿಂಬೆಹುಳಿ ಹಾಕಿದರೆ ಎರಡನೇ ಸಲ ಕೇಳುವರು. ಸೋಯಾ ಉಂಡೆಯನ್ನು ಬಾಯಿಗಿಟ್ಟು, "ಇದು ಯಾರ ಚಪ್ಲಿ?" ಎಂದರು. ಒಪ್ಪೊತ್ತನ್ನು ಬಿಡಲು ಒಪ್ಪಲಿಲ್ಲ, ಆದರೆ ಒಪ್ಪೊತ್ತಿನ ದಿನ ಹಾಲು ಮೊಸರಿಗೆ ದೋಷವಿಲ್ಲವೆಂದು ತಾವೇ ತೀರ್ಪು ಕೊಟ್ಟುಕೊಂಡರು. ಸಿಸ್ಟರ್ ಒಂದು ದಿನ ಬಂದು, ಕಾಳು ತಿಂದು ಮಲಗಿದರೆ ತೋಳು ಬರುವುದಿಲ್ಲ, ಕುರ್ಚಿಯಿಂದ ಎದ್ದು ಕೂತು ಎದ್ದು ಕೂತು ಮಾಡಿ ಎಂದು ಹೇಳಿಹೋದರು. ಅತ್ತೆ ಅದನ್ನು ಮಜ್ಜಿಗೆ ಕಡೆಯುವ ಹೊತ್ತಿಗೆ ಇಟ್ಟುಕೊಂಡರು. ಕಾಳಿಂಗ ನಾಲ್ಕು ಮೊಟ್ಟೆಗೆ ನಿಂತ. ಪುಡಿಯ ಡಬ್ಬ ಖಾಲಿಯಾದ ಮೇಲೆ ಇನ್ನೊಂದು ತರಲಿಲ್ಲ. ಡಬ್ಬ ನನ್ನ ಹುಕ್ಕು, ಗುಂಡಿಗಳಿಗೆ ಒದಗಿತು. ಅಡುಗೆಮನೆಯ ಬಾಗಿಲು ಮೊದಲು ಅರ್ಧ ತೆರೆದುಕೊಂಡಿತು, ಆಮೇಲೆ ಮುಚ್ಚು ಎನ್ನುವುದನ್ನೇ ಅತ್ತೆ ಮರೆತರು. ಪವಾಡವೇನೂ ಆಗಲಿಲ್ಲ. ಅವರು ಹದಿನೆಂಟರ ಹುಡುಗಿಯಾಗಲಿಲ್ಲ. ಹಗ್ಗದ ಮೇಲೆ ಕೈ ಮಾತ್ರ ನಿಲ್ಲತೊಡಗಿತು.

ಆಷಾಢದ ಗಾಳಿ ಹೇಳದೆ ಕೇಳದೆ ಬಂತು. ಬೆಳಗ್ಗೆ ಎದ್ದರೆ ಕೆಳಬೀದಿಯವರ ಮೆಟ್ಟಿಲಿಗೆ ಕೆರೆಯ ನೀರು ತಾಗುತ್ತಿತ್ತು. ಯಾರದೋ ಹಿತ್ತಿಲಲ್ಲಿ ಬಾತುಕೋಳಿಗಳು ಕೂತಿದ್ದವು. ಗುಡ್ಡ ಎಷ್ಟು ದೂರವಿತ್ತೆಂದರೆ, ಯಾರಾದರೂ ಅದನ್ನು ಒರೆಸಿಬಿಟ್ಟಿದ್ದಾರೇನೋ ಎನಿಸಿತು. ಗುರುಪಾದಪ್ಪನವರು ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋಗಿ ತಮ್ಮ ಜಾಗದಲ್ಲಿ ನಿಂತರು.

"ಹಿಡಿ ಊರು!"

ಎಲ್ಲ ಬೀದಿಗಳಿಂದಲೂ ಅದೇ ಕೂಗು ಎದ್ದಿತು. ನೆನೆದ ಹಗ್ಗ ಕೈಯಲ್ಲಿ ಹಾವಿನಂತಾಡುತ್ತಿತ್ತು. ಎಳೆದೆವು, ಎಳೆದೆವು. ಗಾಳಿ ಹಿಂದಕ್ಕೆ ನೂಕುತ್ತಿತ್ತು. ಬಿಸಿಲು ಏರಿತು. ಬೇರೆ ದಿನ ಕಾಫಿ ಮುಗಿಸಿ, ತಿಂಡಿ ಮುಗಿಸಿ, ನಾನು ಹೊಲಿಗೆಗೆ ಕೂರುವ ಹೊತ್ತು ದಾಟಿತು. ಊರು ಇನ್ನೂ ಅರ್ಧ ದಾರಿಯಲ್ಲಿತ್ತು. ಅತ್ತೆಯ ಕೂಗಿನಲ್ಲಿ ಒಂದು ಬಿರುಕು ಕೇಳಿಸಿತು.

ಆಗ ಅವರು ಹಗ್ಗದಿಂದ ಕಣ್ಣು ತೆಗೆಯದೆ, "ಕಾಳಿಂಗ, ಮುಂದಕ್ ಬಾ" ಎಂದರು.

ಬೀದಿಯೆಲ್ಲ ಉಸಿರು ಬಿಗಿಹಿಡಿಯಿತು. ಎಳೆಯುವಾಗ ಜಾಗ ಬಿಟ್ಟ ಮುಂಗೈ ಮತ್ತೆ ಆ ಜಾಗಕ್ಕೆ ಬಂದದ್ದಿಲ್ಲ. ಅದು ಬಿಟ್ಟುಕೊಟ್ಟಂತೆಯೇ. ಕಾಳಿಂಗ ಮುಂದೆ ಬಂದು ಹಿಡಿದ. ಅತ್ತೆ ಪಕ್ಕಕ್ಕೆ ಸರಿದು, ಬೀದಿಯಂಚಿನ ಕಲ್ಲಿನ ಮೇಲೆ ಕೂತು, ಸೊಂಟದ ಗಂಟು ಬಿಚ್ಚಿ, ಎಲ್ಲರ ಕಣ್ಣೆದುರಿಗೆ ಹುರಿಗಡಲೆ ಬೆಲ್ಲ ತಿನ್ನತೊಡಗಿದರು. ಅವಸರವಿಲ್ಲ. ಅಗಿದು ಅಗಿದು ತಿಂದರು. ಗುರುಪಾದಪ್ಪನವರ ಮನೆಯ ಜಗಲಿಯಿಂದ ಒಂದು ಲೋಟ ಮಜ್ಜಿಗೆ ಕೇಳಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದರು. "ಹಿಂದಕ್ ಹೋಗ್ಲಾ" ಎಂದು ಮಗನಿಗೆ ಹೇಳಿ, ಮತ್ತೆ ಮುಂದೆ ನಿಂತು ಹಗ್ಗ ಹಿಡಿದರು. ಗುರುಪಾದಪ್ಪನವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ "ಎಳಿ ಊರು!" ಎಂಬ ಕೂಗು ಎದ್ದಿತು, ಬಾಯಿ ಮುಚ್ಚಿಕೊಂಡು ಎಳೆಯಬೇಕಾಯಿತು. ಆ ಕೂಗಿನಲ್ಲಿ ಬಿರುಕಿರಲಿಲ್ಲ. ಆಮೇಲೆ ಇನ್ನೊಂದು ಸಲ ತಾಯಿಮಗ ಹಾಗೆಯೇ ಜಾಗ ಬದಲಾಯಿಸಿದರು. ಎರಡನೇ ಸಲ ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಪಕ್ಕದ ಬೀದಿಯ ಮುಂಗೈಯೂ ನಮ್ಮ ಕಡೆ ಇಣುಕಿ ನೋಡಿ, ತನ್ನ ತಮ್ಮನನ್ನು ಮುಂದಕ್ಕೆ ಕರೆದ.

ಊರು ರಸ್ತೆಗೆ ಕೂಡಿದಾಗ ಮಧ್ಯಾಹ್ನ ಕಳೆದಿತ್ತು. ಕಂಡಕ್ಟರು ಬಸ್ಸಿನ ನೆರಳಲ್ಲಿ ಮಲಗಿಬಿಟ್ಟಿದ್ದ. ಗುರುಪಾದಪ್ಪನವರು ಅಂಗೈ ಊದಿಕೊಳ್ಳುತ್ತಾ ಬಂದರು.

"ಅಕ್ಕಾ, ಮಧ್ಯದಲ್ಲಿ ಬಿಟ್ಟು ಹೋದ ಮುಂಗೈ..."

"ಊರು ಬಂತೋ ಇಲ್ವೋ?"

"ಬಂತು."

"ಮತ್ತೆ?"

ಅವರು ಟವಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಮತ್ತೇನಿಲ್ಲ ಬುಡಿ" ಎಂದು ನಕ್ಕುಬಿಟ್ಟರು.

ಗಾಳಿಯ ಎಳೆತ ಮುಗಿದ ದಿನ ಬೀದಿಯಲ್ಲೇ ಅಡುಗೆ, ಬೀದಿಯಲ್ಲೇ ಊಟ. ಮುಂಚಿನಿಂದಲೂ ಮೊದಲ ಪಂಕ್ತಿ ಗಂಡಸರದು. ಮಕ್ಕಳದಾದ ಮೇಲೆ, ಎಲ್ಲ ಆರಿದ ಮೇಲೆ, ನಮ್ಮದು. ಅಂದೂ ಹಾಗೆಯೇ ಎಲೆ ಹಾಕಿದರು. ಗಂಡಸರು ಕೈತೊಳೆದು ಬರುತ್ತಿದ್ದರು. ಒಲೆಯ ಮೇಲಿಂದ ಇಳಿಸಿದ ಅವರೆಕಾಳಿನ ಸಾರಿನಿಂದ ಹಬೆ ಏಳುತ್ತಿತ್ತು. ಅತ್ತೆ ಒಂದು ಕ್ಷಣ ಅದನ್ನೇ ನೋಡುತ್ತಾ ನಿಂತರು. ಆಮೇಲೆ ನಡೆದುಹೋಗಿ ಮೊದಲ ಎಲೆಯ ಮುಂದೆ ಕಾಲು ಮಡಚಿ ಕೂತರು.

"ನಂಗೆ ಹಸಿವಾಗ್ತೈತೆ" ಎಂದರು.

ಜೋರಾಗಿ, ಊರು ಎಳೆಯುವ ದನಿಯಲ್ಲೇ ಹೇಳಿದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನಿರಲಿ, ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಕೇಳಿರಲಿಲ್ಲ. ಗಂಡಸರು ಕೈಯಲ್ಲಿ ನೀರು ತೊಟ್ಟಿಕ್ಕಿಸುತ್ತಾ ನಿಂತುಬಿಟ್ಟರು. ಮೊದಲು ಗುರುಪಾದಪ್ಪನವರ ಹೆಂಡತಿ ಬಂದು ಅತ್ತೆಯ ಪಕ್ಕ ಕೂತರು. ಜಗಲಿಯ ಮೇಲಿದ್ದ ಮುದುಕಿಯರು ಒಬ್ಬೊಬ್ಬರಾಗಿ ಗೋಡೆ ಹಿಡಿದು ಇಳಿದು ಬಂದರು. ಫಿಲೋಮಿನಾ ಸಿಸ್ಟರ್ ತಮ್ಮ ಬೀದಿಯಿಂದ ಕೈ ಕೊಡವಿಕೊಂಡು ಬಂದವರು, ಯಾರನ್ನೂ ಕೇಳದೆ ಸಾಲಿನ ಕೊನೆಗೆ ಕೂತರು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿ, "ನೀನ್ಯಾಕೆ ಕಂಬ್ದಂಗೆ ನಿಂತಿದ್ದೀಯ? ಸೌಟು ಕಾಳಿಂಗಂಗೆ ಕೊಟ್ಟು ಬಾ" ಎಂದರು.

ನಾನು ಸೌಟು ಕೊಟ್ಟು ಹೋಗಿ ಕೂತೆ. ನನ್ನ ಗಂಡ ಅನ್ನ ಬಡಿಸಿದರು, ಮೈದುನ ಅವರೆಕಾಳು ಹಾಕಿದ. ತುತ್ತು ಕಲೆಸಲು ಹೋಗಿ ಬೆರಳು ಸುಟ್ಟುಕೊಂಡೆ. ಆ ಊರಿಗೆ ಬಂದ ಮೇಲೆ ಪಂಕ್ತಿಯಲ್ಲಿ ನಾನು ಬಿಸಿ ಊಟ ಉಂಡದ್ದು ಅದೇ ಮೊದಲು.